ಹದಿನೈದು ನಿಮಿಷದ ವಿಮಾನ

ವೇದಿಕೆಯ ಹಿರಿಯರಿಗೂ ಎದುರು ಕೂತ ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರಿಗೂ ನಮಸ್ಕಾರ.

ಕರೆಯೋಲೆಯಲ್ಲಿ ‘ಬಿಡುವಿಲ್ಲದ ಬದುಕಿನಲ್ಲಿ ಮಾದರಿ ಕಟ್ಟುವ ಹವ್ಯಾಸ’ ಅಂತ ಅಚ್ಚಾಗಿದೆ. ಪ್ಲಾಸ್ಟಿಕ್ಕಿನ ಬಿಡಿಭಾಗ ಜೋಡಿಸಿ ಪುಟ್ಟ ವಿಮಾನ, ಹಡಗು ಮಾಡುವ ಹವ್ಯಾಸ ಅದು. ಬಿಡುವಿಲ್ಲದ ಬದುಕು ಅಂದರೆ ಏನು ಅಂತ ಕುಂಬಳೆಯಲ್ಲಿ ನಿಂತು ವಿವರಿಸುವುದು ಅಧಿಕಪ್ರಸಂಗ. ಬೆಳಿಗ್ಗೆ ಮಂಗಳೂರಿನ ರೈಲು ಹಿಡಿದು, ಸಂಜೆ ನಿಂತುಕೊಂಡೇ ವಾಪಸು ಬಂದು, ಮತ್ತೆ ತೋಟಕ್ಕೆ ನೀರು ಬಿಡುವವರು ನೀವು. ನಿಮ್ಮಲ್ಲಿ ಕೆಲವರ ಕಪಾಟಿನ ಮೇಲೆ ಪೆಟ್ಟಿಗೆ ಬಿಚ್ಚದ ವಿಮಾನವೋ ಹಡಗೋ ಒಂದು ಧೂಳು ಹಿಡಿಯುತ್ತಾ ಕೂತಿರುತ್ತದೆ. ಕೇಳಿದರೆ, ‘ಒಂದು ಭಾನುವಾರ ಪೂರ್ತಿ ಸಿಗಲಿ, ಕೂತುಬಿಡುತ್ತೇನೆ’ ಅನ್ನುತ್ತೀರಿ. ಆ ಭಾನುವಾರ ಬರುವುದಿಲ್ಲ ಮಾರಾಯ್ರೆ. ಬಂದರೆ ಅವತ್ತೇ ಎಲ್ಲಾದರೂ ಗೃಹಪ್ರವೇಶ, ಇಲ್ಲದಿದ್ದರೆ ದೈವದ ಕಳಿಯಾಟ.

ನನ್ನ ವಾದ ಇನ್ನೂ ಒಂದು ಹೆಜ್ಜೆ ಮುಂದಿನದು. ಆ ಭಾನುವಾರ ಸಿಕ್ಕಿದರೂ ಪ್ರಯೋಜನವಿಲ್ಲ. ಈ ಕೆಲಸದಲ್ಲಿ ಹೆಚ್ಚಿನ ಹೊತ್ತು ಹೋಗುವುದು ಒಣಗುವುದಕ್ಕೆ, ಒಣಗುವ ಕೆಲಸ ಅಂಟಿನದು, ನಿಮ್ಮದಲ್ಲ. ಇಡೀ ದಿನ ಎದುರು ಕೂತವನು ಏನು ಮಾಡುತ್ತಾನೆ? ಒಣಗಿತೋ ಅಂತ ಮುಟ್ಟಿ ನೋಡುತ್ತಾನೆ. ರೆಕ್ಕೆಯ ಮೇಲೆ ಹೆಬ್ಬೆರಳಿನ ಗುರುತು ಕೂರುತ್ತದೆ, ಮತ್ತೆ ಜನ್ಮದಲ್ಲಿ ಹೋಗುವುದಿಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರಿಗೆ ಇದನ್ನು ಹೇಳಬೇಕೇ? ಚೌಕಿಯಲ್ಲಿ, ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುವುದನ್ನು ನೋಡಿದ್ದೀರಿ. ಒಂದು ಸಾಲು ಹಿಡಿದ ಮೇಲೆ ಇನ್ನೊಂದು. ಅವಸರ ಮಾಡಿದವನ ಮುಖದಲ್ಲಿ ಎಲ್ಲ ಇಳಿದುಹೋಗುತ್ತದೆ.

ಇಲ್ಲೊಂದು ಕಥೆ ಹೇಳಲೇಬೇಕು. ಏರ್‌ಫಿಕ್ಸ್ ಅಂತ ಇಂಥ ಮಾದರಿ ಮಾಡುವ ಇಂಗ್ಲೆಂಡಿನ ಕಂಪೆನಿ, ಹೆಸರು ಕೇಳಿದ್ದೀರಿ. 1939ರಲ್ಲಿ ಹಂಗೇರಿ ಮೂಲದ ನಿಕೋಲಸ್ ಕೋವ್ ಶುರುಮಾಡಿದ್ದು. ಆಗ ವಿಮಾನವೂ ಇಲ್ಲ, ಕಿಟ್ಟೂ ಇಲ್ಲ, ಅಂದರೆ ಜೋಡಿಸುವ ಬಿಡಿಭಾಗಗಳ ಕಟ್ಟು. ಗಾಳಿ ತುಂಬಿದ ರಬ್ಬರಿನ ಆಟಿಕೆ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತುವ ಯಂತ್ರ ತಂದರು. ಅದರಲ್ಲಿ ಮೊದಲು ಮಾಡಿದ್ದು ಏನು ಗೊತ್ತೇ? ಬಾಚಣಿಗೆ! ಕಿಸೆಯಲ್ಲಿ ಇಟ್ಟುಕೊಳ್ಳುವ ಬಾಚಣಿಗೆ. ಎರಡು ವರ್ಷ ಕಳೆದು, 1949ರಲ್ಲಿ, ಫರ್ಗ್ಯುಸನ್ ಟ್ರಾಕ್ಟರಿನವರು ಬಂದು, ತಮ್ಮ ಮಾರಾಟದ ಹುಡುಗರು ಕೈಯಲ್ಲಿ ಹಿಡಿದುಕೊಂಡು ಹೋಗಲಿಕ್ಕೆ ಒಂದು ಪುಟ್ಟ ಟ್ರಾಕ್ಟರ್ ಬೇಕು ಅಂದರು. ಮಾಡಿಕೊಟ್ಟರು. ಅದನ್ನು ಕಾರ್ಖಾನೆಯಲ್ಲೇ ಕೈಯಿಂದ ಜೋಡಿಸಬೇಕಿತ್ತು. ಚಕ್ರ, ಸ್ಟೀಯರಿಂಗು, ಸೀಟು ಎಲ್ಲ ಒಂದೊಂದಾಗಿ. ಅದಕ್ಕೆ ಕೂಲಿ ಎಷ್ಟಾಗಬೇಡ! ಖರ್ಚು ಇಳಿಸಲು ಕೊನೆಗೆ ಬಿಡಿಭಾಗಗಳನ್ನು ಹಾಗೇ ಅಂಗಡಿಗೆ ಕಳಿಸಿದರು, ಕೊಂಡವನೇ ಜೋಡಿಸಿಕೊಳ್ಳಲಿ ಅಂತ. ಜನ ದುಡ್ಡು ಕೊಟ್ಟು ಕೊಂಡು ಜೋಡಿಸಿದರು, ಖುಷಿಯಾಗಿ! ಆಮೇಲೆ ಇಂಗ್ಲೆಂಡಿನ ಹಳೆಯ ನಾವಿಕ ಡ್ರೇಕನ ಗೋಲ್ಡನ್ ಹೈಂಡ್ ಹಡಗಿನ ಕಿಟ್ ಬಂತು. ಎರಡು ಶಿಲ್ಲಿಂಗಿಗೆ ಮಾರಬೇಕಾದ ಕಾರಣ ರಟ್ಟಿನ ಪೆಟ್ಟಿಗೆ ಬಿಟ್ಟು ಪ್ಲಾಸ್ಟಿಕ್ ಚೀಲ ಹಿಡಿದರು. ಸೂಚನೆಯನ್ನು ಚೀಲದ ಮೇಲಿನ ಕಾಗದದಲ್ಲೇ ಅಚ್ಚು ಹಾಕಿಸಿದರು. ಅಂದರೆ ನೋಡಿ, ಜೋಡಿಸುವಷ್ಟು ಪುರುಸೊತ್ತು ಕಾರ್ಖಾನೆಗೇ ಇರಲಿಲ್ಲ. ಪುರುಸೊತ್ತಿಲ್ಲದ್ದರಿಂದಲೇ ಹುಟ್ಟಿದ ಹವ್ಯಾಸಕ್ಕೆ ಪುರುಸೊತ್ತಿಲ್ಲ ಅಂತ ನಾವು ನೆವ ಹೇಳುತ್ತೇವೆ.

ಕಥೆ ಉದ್ದವಾಯಿತು. ಕೆಲಸಕ್ಕೆ ಬರೋಣ.

ನಿಮ್ಮ ಹೊತ್ತನ್ನು ನಿಜವಾಗಿ ತಿನ್ನುವುದು ಹರಡುವುದು ಮತ್ತು ಮಡಚುವುದು. ಊಟದ ಮೇಜಿನ ಮೇಲೆ ಸಾಮಾನು ಹರಡಲು ಹತ್ತು ನಿಮಿಷ, ಊಟದ ಹೊತ್ತಿಗೆ ತೆಗೆದಿಡಲು ಹತ್ತು ನಿಮಿಷ. ಸಿಕ್ಕಿದ ಅರ್ಧ ಗಂಟೆಯಲ್ಲಿ ಉಳಿದದ್ದು ಎಷ್ಟು? ಹಾಗಾಗಿ ಒಂದು ಟ್ರೇ ಬೇಕು. ಒಂದಡಿ ಅಗಲ, ಒಂದೂವರೆ ಅಡಿ ಉದ್ದ, ಅಂಚು ಎದ್ದಿರಬೇಕು, ಬಿದ್ದ ಚೂರು ಉರುಳಿಹೋಗಬಾರದು. ಅದರಲ್ಲಿ ದಪ್ಪ ರಟ್ಟು, ಸಣ್ಣ ಕಟ್ಟರ್, 11ನೇ ನಂಬರಿನ ಬ್ಲೇಡ್ ಹಾಕಿದ ಚಾಕು, ಚಿಮುಟ, 400, 600, 1000 ನಂಬರಿನ ನೀರುಕಾಗದ (ನೀರು ಹಾಕಿ ಉಜ್ಜುವ ಮರಳುಕಾಗದ), ತೆಳು ಅಂಟಿನ ಬಾಟ್ಲಿ. ಕಟ್ಟುತ್ತಿರುವ ಕಿಟ್ ಒಂದೇ ಒಂದು. ಬಣ್ಣ ಕಲಸಲು ಗೆರಟೆ ಸಾಕು, ಕದಡಲು ಹಿಡಿಸೂಡಿ ಕಡ್ಡಿ. ಪೇಟೆಯಿಂದ ತರಿಸಬೇಕಾದ್ದಿಲ್ಲ. ಏಳುವ ಮೊದಲು ನಾಳೆ ಮಾಡುವ ಕೆಲಸವನ್ನು ಚೀಟಿಯಲ್ಲಿ ಬರೆದು ಟ್ರೇಯಲ್ಲಿಡಿ: ‘ಎಡ ಚಕ್ರ, ಭಾಗ 23, 24’. ಟ್ರೇ ಹಾಗೇ ಕಪಾಟಿನ ಮೇಲೆ. ಮರುದಿನ ಇಳಿಸಿದರೆ ಯೋಚಿಸಲಿಕ್ಕೆ ಏನೂ ಇಲ್ಲ, ಕೈ ಕೆಲಸಕ್ಕೆ ಹೋಗುತ್ತದೆ.

ಉದಾಹರಣೆಗೆ ನ್ಯಾಟ್ ತೆಗೆದುಕೊಳ್ಳಿ, 1965ರ ಯುದ್ಧದಲ್ಲಿ ನಮ್ಮ ವಾಯುಪಡೆಯ ಪುಟಾಣಿ ಯುದ್ಧವಿಮಾನ. 1:72ರ ಅಳತೆಯಲ್ಲಿ ಆರಡಿ ಆಳು ಒಂದಿಂಚು ಆಗುತ್ತಾನೆ, ನ್ಯಾಟಿನ ರೆಕ್ಕೆಯ ತುದಿಯಿಂದ ತುದಿಗೆ ಒಂಬತ್ತು ಸೆಂಟಿಮೀಟರ್ ಚಿಲ್ಲರೆ. ಮೊದಲ ಹದಿನೈದು ನಿಮಿಷ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಬಿಡಿಭಾಗಗಳು ಅಂಟಿಕೊಂಡಿರುವ ಇಡೀ ಚೌಕಟ್ಟನ್ನು ತೊಳೆದು ನೇತುಹಾಕಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಎರಡನೇ ದಿನ ಸೀಟು ಮತ್ತು ಅದರ ಸುತ್ತಿನ ಚೂರುಗಳು. ಬುಡಕ್ಕೇ ಕಟ್ಟರ್ ಹಾಕಬೇಡಿ. ಎರಡು-ಮೂರು ಮಿಲಿಮೀಟರ್ ಬಿಟ್ಟು ಒಮ್ಮೆ, ಆಮೇಲೆ ಬುಡಕ್ಕೆ ಇನ್ನೊಮ್ಮೆ. ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಕೆಲವೊಮ್ಮೆ ಚೂರು ಕಿತ್ತು ಗುಳಿ ಬೀಳುತ್ತದೆ. ಸಾಸಿವೆಯಷ್ಟು ಸಣ್ಣದಿದ್ದರೆ ಪಾರದರ್ಶಕ ಚೀಲದೊಳಗೆ ಕೈಯಿಟ್ಟು ಕತ್ತರಿಸಿ. ಹಾರಿಹೋದದ್ದನ್ನು ಮಂಚದಡಿ ಹುಡುಕುತ್ತಾ ಕೂತರೆ ಅವತ್ತಿನ ಹದಿನೈದು ನಿಮಿಷ ಅಲ್ಲಿಗೇ ಮುಗಿಯಿತು.

ವಿಮಾನದ ಹೊಟ್ಟೆ ಮುಚ್ಚುವ ಮೊದಲು ಮೂಗಿನಲ್ಲಿ ಭಾರ ಇಡಲು ಮರೆಯಬೇಡಿ. ಮೂಗಿನ ಚಕ್ರದ ವಿಮಾನಗಳು ಹೆಚ್ಚಾಗಿ ಹೀಗೇ, ಭಾರ ಹಾಕದಿದ್ದರೆ ಬಾಲ ಊರಿ ನಾಯಿಯ ಹಾಗೆ ಕೂರುತ್ತವೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಎರಡು-ಮೂರು ಸಾಕು. ಭಾಗಗಳನ್ನು ಟೇಪಿನಲ್ಲಿ ಕಟ್ಟಿ, ಹಿಂದಿನ ಚಕ್ರ ಬರುವ ಜಾಗದಲ್ಲಿ ಬೆರಳ ಮೇಲೆ ನಿಲ್ಲಿಸಿ ನೋಡಿ. ಮೂಗು ಬಾಗಿದರೆ ಸರಿ. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಅವಲಕ್ಕಿಗೆ ಹಾಕಬೇಡಿ.

ಈಗ ಅಂಟು. ತೆಳು ಅಂಟು ಗೋಂದಿನ ಹಾಗೆ ನಡುವೆ ಕೂತು ಹಿಡಿಯುವುದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಎರಡು ಬದಿಯೂ ಕರಗಿ, ಬೆರೆತು, ಒಂದಾಗುತ್ತವೆ. ಜೋಡಿಸುವ ಅಂಚಿನಲ್ಲಿ ಬಣ್ಣವಿದ್ದರೆ ಕೆರೆದು ತೆಗೆಯಬೇಕಾದದ್ದು ಅದಕ್ಕೇ. ಎರಡು ಭಾಗಗಳನ್ನು ಮೊದಲು ಒತ್ತಿ ಹಿಡಿದು, ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಿ, ಅಂಟು ತಾನೇ ಸಂದಿನೊಳಗೆ ಓಡುತ್ತದೆ. ಇನ್ನೊಮ್ಮೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಹೊರಗೆ ಉಬ್ಬುತ್ತದೆ, ಉಬ್ಬಬೇಕು. ಒಂದೆರಡು ನಿಮಿಷದಲ್ಲಿ ಹಿಡಿದ ಹಾಗೆ ಕಾಣುತ್ತದೆ. ಮೋಸ ಆಗುವುದು ಅಲ್ಲೇ. ಒಳಗಿನ ದ್ರಾವಕ ಆರಲು ಒಂದು ದಿನವಾದರೂ ಬೇಕು. ಅವತ್ತೇ ಉಜ್ಜಿ ನುಣ್ಣಗೆ ಮಾಡಿದಿರೋ, ಆಮೇಲೆ ಅದು ಆರುತ್ತಾ ಕುಗ್ಗಿ ಗೆರೆ ಒಳಗೆ ಇಳಿಯುತ್ತದೆ. ಬಣ್ಣ ಹೊಡೆದು ಮುಗಿದ ಮೇಲೆ ವಿಮಾನದ ಬೆನ್ನಿನ ಉದ್ದಕ್ಕೂ ಗೀರು ಎದ್ದು ಕಾಣುತ್ತದೆ. ಭಾನುವಾರದವನ ವಿಮಾನದಲ್ಲಿ ಆ ಗೀರು ಇರುತ್ತದೆ, ದಿನಕ್ಕೆ ಹದಿನೈದು ನಿಮಿಷದವನದರಲ್ಲಿ ಇರುವುದಿಲ್ಲ. ಅವನು ಜಾಣ ಅಂತಲ್ಲ, ಮರುದಿನ ರೈಲು ಹಿಡಿಯಲು ಓಡಿದ್ದ, ಅಷ್ಟೆ.

ಹೊಟ್ಟೆ ಒಣಗುವ ದಿನ ಚಕ್ರಕ್ಕೆ ಬಣ್ಣ, ಚಕ್ರ ಒಣಗುವ ದಿನ ರೆಕ್ಕೆಯ ಅಂಚು ಉಜ್ಜುವುದು. ಇನ್ನೊಂದು ಕಿಟ್ ತೆರೆಯಬೇಡಿ ಅಂದೆನಲ್ಲ, ತೆರೆದವರ ಮನೆಯಲ್ಲಿ ಐದು ವಿಮಾನಗಳಿವೆ, ಒಂದಕ್ಕೂ ಬಾಲವಿಲ್ಲ. ರೈಲಿನಲ್ಲಿ ಬೇಕಾದರೆ ಸೂಚನೆಯ ಹಾಳೆ ಓದಿ, ಮುಚ್ಚುವ ಮೊದಲೇ ಬಣ್ಣ ಕಾಣಬೇಕಾದ ಭಾಗಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಚಾಕು ಮಾತ್ರ ಮನೆಯಲ್ಲಿರಲಿ. ಉಪ್ಪಳದಲ್ಲಿ ರೈಲು ಎಳೆದಾಗ ಯಾರ ಕೈಗೆ ತಾಗುತ್ತದೋ!

ಬಣ್ಣಕ್ಕೆ ನಮ್ಮ ಮಳೆ ಶತ್ರು. ಅಡಿಕೆಗೆ ಮದ್ದು ಬಿಡಲು ಹೊಳವು ಕಾಯುವವರಿಗೆ ಪಾಠ ಬೇಡ. ಲ್ಯಾಕರ್ ಜಾತಿಯ ಬಣ್ಣದ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಆಟಿ ತಿಂಗಳ ಗಾಳಿಯ ನೀರು ಅಲ್ಲೇ ಕೂರುತ್ತದೆ, ಬಣ್ಣ ಬೂದಿ ಬಳಿದ ಹಾಗೆ ಬಿಳಿಚುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕತ್ತರಿಸಿ, ಅಂಟಿಸಿ, ಉಜ್ಜಿ. ದೀಪಾವಳಿ ಕಳೆದ ಮೇಲೆ ಬಣ್ಣ. ಮಳೆಗಾಲದಲ್ಲೇ ಹಚ್ಚಬೇಕೆಂದರೆ ನೀರಿನ ಅಕ್ರಿಲಿಕ್ ಹಿಡಿಯಿರಿ, ಹಾಲಿನಷ್ಟು ತೆಳುವಾಗಿ, ಮೂರು ಪದರ, ದಿನಕ್ಕೆ ಒಂದು. ದಪ್ಪ ಮಾಡಿ ಒಂದೇ ಸಲ ಹಚ್ಚಿದರೆ ಕೊರೆದ ಗೆರೆಗಳೆಲ್ಲ ತುಂಬಿಹೋಗುತ್ತವೆ.

ಅಧ್ಯಕ್ಷರು ಗಡಿಯಾರ ನೋಡಿದರು, ನಾನು ನೋಡದ ಹಾಗೆ ಮಾಡಿದೆ, ಇನ್ನು ಆಗುವುದಿಲ್ಲ. ಉಳಿದದ್ದು ಓಡುತ್ತಾ ಹೇಳುತ್ತೇನೆ. ಪೈಲಟಿನ ತಲೆಯ ಮೇಲಿನ ಪಾರದರ್ಶಕ ಮುಚ್ಚಿಗೆಗೆ ಸೂಪರ್ ಗ್ಲೂ ಬೇಡ, ಅದರ ಆವಿ ಕೂತು ಮಂಜು ಕವಿದ ಹಾಗಾಗುತ್ತದೆ. ಫೆವಿಕಾಲ್ ಸಾಕು, ಒಣಗಿದರೆ ಕಾಣುವುದಿಲ್ಲ. ನೀರಲ್ಲಿ ನೆನೆಸಿ ಅಂಟಿಸುವ ಸ್ಟಿಕರಿಗೆ ಮೊದಲು ಹೊಳಪಿನ ವಾರ್ನಿಷ್. ಒರಟು ಮೇಲ್ಮೈಯಲ್ಲಿ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯ ಹಾಗೆ ಮಿನುಗುತ್ತದೆ. ಸ್ಟಿಕರ್ ಹಾಳೆಯನ್ನು ಗಾಳಿಯಾಡದ ಡಬ್ಬಿಯಲ್ಲಿ, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣದೊಟ್ಟಿಗೆ ಇಡಿ. ಇಲ್ಲದಿದ್ದರೆ ನಮ್ಮ ಊರಿನ ಬೂಸಲು ನಿಮಗಿಂತ ಮೊದಲೇ ಅದನ್ನು ಉಪಯೋಗಿಸುತ್ತದೆ. ಲೆಕ್ಕ ಬೇಕಾದವರಿಗೆ: ನ್ಯಾಟಿನಂಥ ಸಣ್ಣ ಕಿಟ್ಟಿಗೆ ಕೈಕೆಲಸ ಹನ್ನೆರಡು ಗಂಟೆ ಅಂತ ಹಿಡಿಯಿರಿ, ನಲವತ್ತೆಂಟು ಸಲ ಹದಿನೈದು ನಿಮಿಷ. ವಾರಕ್ಕೆ ನಾಲ್ಕು ದಿನ ಕೂತರೆ ಮೂರು ತಿಂಗಳು. ಏರ್‌ಬ್ರಷ್ ಅಂತ ಗಾಳಿಯಲ್ಲಿ ಬಣ್ಣ ಚಿಮ್ಮಿಸುವ ಸಾಧನದ ಬಗ್ಗೆ ಹೇಳಬೇಕಿತ್ತು, ಅದು ಇನ್ನೊಂದು ಸಲ.

ಹಿಂದಿನ ಮೇಜಿನಲ್ಲಿ ಎರಡು ಕಟ್ಟರು, ಬೇಡದ ಚೌಕಟ್ಟಿನ ತುಂಡುಗಳು, ತೆಳು ಅಂಟು ಇಟ್ಟಿದ್ದೇವೆ. ಕಿಟಕಿ ತೆರೆದಿಡಿ, ಅಂಟಿನ ವಾಸನೆ ಒಳ್ಳೆಯದಲ್ಲ. ಎರಡು ತುಂಡು ಕತ್ತರಿಸಿ ಅಂಟಿಸಿ ಮನೆಗೆ ಒಯ್ಯಿರಿ, ನಾಳೆ ಸಂಜೆಯವರೆಗೆ ಉಜ್ಜಬೇಡಿ. ಚಹಾ ಅದೇ ಮೇಜಿನ ಬದಿಯಲ್ಲಿದೆ. ಕುಂಚ ತೊಳೆದ ನೀರಿನ ಗ್ಲಾಸಿಗೆ ಕೆಂಪು ನೂಲು ಕಟ್ಟಿದ್ದೇವೆ, ನೋಡಿ ಕುಡಿಯಿರಿ.