ಅದೇ ಬೇಕು ಅನ್ನುವ ಗಿರಾಕಿ

ಎಲ್ಲರಿಗೂ ಶರಣು. ಇಲ್ಲಿ ಬಿ.ಕಾಂ. ಓದುವ ಮಕ್ಕಳಿದ್ದೀರಿ. ಕಲಬುರಗಿಯ ಗಂಜ್ ಮಾರುಕಟ್ಟೆಯಿಂದ ಬಂದ ಅಡತಿ ವ್ಯಾಪಾರಿಗಳು, ದಾಲ್ ಮಿಲ್ ನಡೆಸುವವರೂ ಇದ್ದೀರಿ. ಗಿರಾಕಿ ಒಂದೇ ಬ್ರ್ಯಾಂಡಿಗೆ ಯಾಕೆ ಅಂಟಿಕೊಳ್ಳುತ್ತಾನೆ ಅನ್ನುವುದು ಒಬ್ಬರಿಗೆ ಪರೀಕ್ಷೆಯ ಪ್ರಶ್ನೆ, ಇನ್ನೊಬ್ಬರಿಗೆ ಹೊಟ್ಟೆಪಾಡಿನ ಪ್ರಶ್ನೆ. ನಾನು ಹೊಟ್ಟೆಪಾಡಿನ ಕಡೆಯಿಂದಲೇ ಮಾತಾಡುತ್ತೇನೆ.

ಆಳಂದ ರಸ್ತೆಯ ಯಾವುದೋ ಊರಿನ ಕಿರಾಣಿ ಅಂಗಡಿ ಅಂದುಕೊಳ್ಳಿ. ಒಬ್ಬ ಹೆಣ್ಣುಮಗಳು ಬಂದು "ಅಣ್ಣಾ, ಕೆಂಪು ಪಾಕೀಟಿನ ಚಾಪುಡಿ ಕೊಡ್ರಿ" ಅನ್ನುತ್ತಾಳೆ.

"ಖಲಾಸ್ ಆಗ್ಯಾದ ಯವ್ವಾ. ಇದು ಒಯ್ರಿ, ಇದೂ ಛಲೋ ಅದ."

"ಬ್ಯಾಡ್ರಿ, ನಾಳಿಗೇ ಬರ್ತೀನಿ. ಒಂದು ಕಡ್ಡಿಪೆಟ್ಟಿಗಿ ಕೊಡ್ರಿ, ಯಾವುದಾದ್ರೂ ನಡೀತದ."

ಚಾಪುಡಿಗೆ ಕಾಯುತ್ತಾಳೆ, ಕಡ್ಡಿಪೆಟ್ಟಿಗೆಗೆ ಕಾಯುವುದಿಲ್ಲ. ಯಾಕೆ? ಕಡ್ಡಿ ಹತ್ತದಿದ್ದರೆ ಇನ್ನೊಂದು ಗೀರಿದರಾಯಿತು. ಮನೆಗೆ ಬೀಗರು ಬಂದಾಗ ಚಹಾ ಕೆಟ್ಟರೆ ಮಾತು ಕೇಳಬೇಕಾದವಳು ಅವಳು. ಕೆಟ್ಟರೆ ನಷ್ಟ ಎಷ್ಟು ದೊಡ್ಡದೋ, "ಅದೇ ಬೇಕು" ಅನ್ನುವ ಹಟವೂ ಅಷ್ಟೇ ಗಟ್ಟಿ. ಬ್ರ್ಯಾಂಡಿನ ಮೇಲಿನ ಪ್ರೀತಿ ಅಂತ ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಈ ಅಂಜಿಕೆಯೇ ಇದೆ ಅಂತ ನನಗೆ ಅನಿಸುತ್ತದೆ. ಮಕ್ಕಳೇ, ಪ್ರಾಜೆಕ್ಟ್ ಮಾಡುವಾಗ ಸುಮ್ನೆ ಪ್ರಶ್ನಾವಳಿ ಹಂಚಬೇಡಿ. ಒಂದು ದಿನ ಅಂಗಡಿಯಲ್ಲಿ ಕೂತು, ಕೇಳಿದ್ದು ಸಿಗದವರು ಏನು ಮಾಡಿದರು ಅಂತ ನೋಡಿ.

ರುಚಿ, ಗುಣಮಟ್ಟ ಏನೂ ಲೆಕ್ಕಕ್ಕಿಲ್ಲವೇ ಅಂತ ನೀವು ಕೇಳಬಹುದು. 1964ರಲ್ಲಿ ಅಮೆರಿಕದಲ್ಲಿ ಟಕ್ಕರ್ ಅನ್ನುವ ಸಂಶೋಧಕ 42 ಗೃಹಿಣಿಯರ ಮುಂದೆ ನಾಲ್ಕು ಬ್ರೆಡ್ ಇಟ್ಟ. ಬ್ರೆಡ್ ಎಲ್ಲವೂ ಒಂದೇ. ಮೇಲಿನ ಅಕ್ಷರ ಮಾತ್ರ ಬೇರೆ: ಎಲ್, ಎಂ, ಪಿ, ಎಚ್. 12 ಸಲ ಆರಿಸಲು ಹೇಳಿದ. ನೋಡನೋಡುತ್ತಲೇ ಹಲವರು ಒಂದೊಂದು ಅಕ್ಷರಕ್ಕೆ ಕಚ್ಚಿಕೊಂಡರು. ಬೇರೆ ಬ್ರೆಡ್ಡಿನ ಮೇಲೆ ಚಿಲ್ಲರೆ ಕಾಸು ಇಟ್ಟು ಆಸೆ ತೋರಿಸಿದರೂ ಕೆಲವರು ಬಗ್ಗಲಿಲ್ಲ.

ಇದನ್ನು ಓದಿ ಗಿರಾಕಿ ದಡ್ಡ ಅಂತ ನಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೂರೆಂಟು ಕೆಲಸದ ನಡುವೆ ಒಂದು ಸಲ ಮೋಸ ಮಾಡದ್ದನ್ನು ಮತ್ತೆ ತರುವುದು ಜಾಣತನವೇ, ಅಲ್ವಾ?

ಆದರೆ ಒಂದು ಸಲ ತಂದು ನೋಡಲೂ ಆಗದ ವಸ್ತುಗಳಿವೆ. ನಮ್ಮ ಭಾಗದಲ್ಲಿ ಅಂಥವು ಜಾಸ್ತಿ. ತೊಗರಿ ಬೀಜ ತಗೊಳ್ಳಿ. ಮುಂಗಾರಿಗೆ ಬಿತ್ತಿದರೆ ರಾಶಿ ಡಿಸೆಂಬರ್, ಜನವರಿಗೆ. ಗಿಡ ಹೂ, ಕಾಯಿ ಹಿಡಿಯುವ ಹೊತ್ತಿಗೆ ನೆಟೆ ರೋಗ ಬಂದು ಒಣಗಿತು ಅಂದರೆ ಆ ವರ್ಷವೇ ಹೋಯಿತು. ಹಾಗಾಗಿ ರೈತ ಚೀಲದ ಮೇಲಿನ ಚಿತ್ರ ನೋಡುವುದಿಲ್ಲ. ಬದುವಿನಾಚೆ ಹೋದ ವರ್ಷ ಯಾವ ಬೀಜ ನಿಂತಿತ್ತು ಅಂತ ನೋಡುತ್ತಾನೆ. ಆಮೇಲೆ ಉದ್ರಿ ಕೊಡುವ ಅಂಗಡಿ ಸಾವಕಾರರನ್ನು ಕೇಳುತ್ತಾನೆ.

ಸಿಮೆಂಟಿನ ಕಥೆಯೂ ಇದೇ. ವಾಡಿ, ಸೇಡಂ, ಮಳಖೇಡದಲ್ಲಿ ಕಾರ್ಖಾನೆಗಳಿವೆ, ಟಿವಿ ಹಚ್ಚಿದರೆ ಸಿಮೆಂಟ್ ಜಾಹೀರಾತು. ಆದರೆ ಮನೆ ಕಟ್ಟಿಸುವವನು ಜೀವಮಾನದಲ್ಲಿ ಒಂದೇ ಸಲ ಸಿಮೆಂಟ್ ಕೊಳ್ಳುತ್ತಾನೆ. ದಿನಾ ಕಲಸುವವನು ಗೌಂಡಿ. "ಸ್ಲ್ಯಾಬಿಗೆ ಇದೇ ಇರಲಿ" ಅಂತ ಅವನು ಅಂದರೆ ಮುಗಿಯಿತು. ನಮ್ಮ ಬಿಸಿಲಿಗೆ ನೀರು ಹೊಡೆಯುವುದು ಚೂರು ಕಡಿಮೆಯಾದರೂ ಬಿರುಕು ಬೀಳುತ್ತದೆ, ಬೈಗುಳ ಗೌಂಡಿಗೆ ಬೀಳುತ್ತದೆ. ಅದಕ್ಕೇ ಅವನು ಹೊಸ ಚೀಲ ಮುಟ್ಟುವುದಿಲ್ಲ. ಕಂಪನಿಗಳಿಗೂ ಇದು ಗೊತ್ತು. ಗೌಂಡಿಗಳನ್ನು ಸೇರಿಸಿ ಊಟ ಹಾಕಿಸುವುದು, ತರಬೇತಿ ಕೊಡುವುದು ಅದಕ್ಕೇ.

ಹೀಗೆ ಕೂಡಿಟ್ಟ ನಂಬಿಕೆ ಯಾವಾಗ ಮುರಿಯುತ್ತದೆ? ಕೋಕಾ-ಕೋಲಾ 1985ರ ಏಪ್ರಿಲ್‌ನಲ್ಲಿ ತನ್ನ ರುಚಿಯನ್ನೇ ಬದಲಾಯಿಸಿತು. ಸುಮಾರು 2 ಲಕ್ಷ ರುಚಿ ಪರೀಕ್ಷೆ ಮಾಡಿ, ಹೊಸದೇ ಚೆನ್ನಾಗಿದೆ ಅಂತ ಖಾತ್ರಿ ಮಾಡಿಕೊಂಡೇ ಇಳಿದಿತ್ತು. ಜನ ಸಿಟ್ಟಿಗೆದ್ದರು. 79 ದಿನಕ್ಕೆ ಹಳೆಯದನ್ನು ವಾಪಸ್ ತರಬೇಕಾಯಿತು. ನಮ್ಮಲ್ಲಿ 2015ರ ಜೂನ್‌ನಲ್ಲಿ ಸೀಸದ ಅಂಶದ ಆರೋಪದಿಂದ ಮ್ಯಾಗಿ ಅಂಗಡಿಗಳಿಂದ ಮಾಯವಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡಿತು, ನವೆಂಬರ್‌ನಲ್ಲಿ ಮ್ಯಾಗಿ ಮರಳಿತು. ಜನ ಮತ್ತೆ ಕೊಂಡರು. ಐದು ತಿಂಗಳು ಸಿಗದೇ ಹೋದದ್ದನ್ನು ಗಿರಾಕಿ ಕ್ಷಮಿಸಿದ. ಕೈಗೆ ಸಿಕ್ಕದ್ದು ಬೇರೆಯಾದದ್ದನ್ನು ಕ್ಷಮಿಸಲಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ.

ಈಗ ನಮ್ಮ ಬೇಳೆಗೆ ಬರೋಣ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಸಿಮೆಂಟ್ ಕಾರ್ಖಾನೆಗಳನ್ನು ಇಲ್ಲಿಗೆ ಎಳೆದು ತಂದ ಸುಣ್ಣದ ಕಲ್ಲೇ ನಮ್ಮ ಮಣ್ಣಿಗೆ ಕ್ಯಾಲ್ಸಿಯಂ ಕೊಟ್ಟಿದೆ. ಬೇಳೆ ಬೇಗ ಬೇಯುತ್ತದೆ, ಘಮ ಇದೆ. ಅಷ್ಟಿದ್ದರೂ ಬೆಂಗಳೂರಿನ ಗಿರಾಕಿ ಅಂಗಡಿಗೆ ಹೋಗಿ "ಒಳ್ಳೆ ತೊಗರಿ ಬೇಳೆ ಕೊಡಿ" ಅನ್ನುತ್ತಾನೆ, ಕಲಬುರಗಿಯದ್ದು ಕೊಡಿ ಅನ್ನುವುದಿಲ್ಲ. ನನಗೆ ಇದು ನಿಜವಾಗಿಯೂ ಹೊಟ್ಟೆಯುರಿಯುವ ವಿಷಯ. ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಬಂದ ತೊಗರಿಯ ಜೊತೆ ನಮ್ಮದು ಬೆರೆತು, ಬರೀ ಚೀಲವಾಗಿ ಹೋಗುತ್ತದೆ. ಈ ತಿಂಗಳು ಎರಡು ಸೀಟಿಗೆ ಬೆಂದ ಬೇಳೆ ಮುಂದಿನ ತಿಂಗಳು ನಾಲ್ಕಾದರೂ ಬೇಯದಿದ್ದರೆ ಗಿರಾಕಿ ಏನನ್ನು ನೆನಪಿಟ್ಟುಕೊಳ್ಳಬೇಕು?

ತೊಗರಿ ಮಂಡಳಿಯ ಭೀಮಾ ಪಲ್ಸಸ್ ಅನ್ನುವ ಬ್ರ್ಯಾಂಡ್ ಒಳ್ಳೆಯ ಹೆಜ್ಜೆ. ಆದರೆ ಬ್ರ್ಯಾಂಡ್ ಚಿಕ್ಕದಿದ್ದಾಗ ಏಟು ಎರಡು ಬೀಳುತ್ತವೆ. ಕೊಳ್ಳುವವರೂ ಕಡಿಮೆ, ಕೊಂಡವರು ಮತ್ತೆ ಬರುವುದೂ ಕಡಿಮೆ. ಬ್ರಿಟನ್ನಿನ ಆಂಡ್ರ್ಯೂ ಎಹ್ರೆನ್‌ಬರ್ಗ್ ಬೇರೆಬೇರೆ ವಸ್ತುಗಳ ಮಾರಾಟ ನೋಡಿ ಇದನ್ನು ತೋರಿಸಿದರು. ಅಂದರೆ, ಮೊದಲು ಅಂಗಡಿ ಅಂಗಡಿಯಲ್ಲಿ ಕಣ್ಣಿಗೆ ಬೀಳಬೇಕು. ಪ್ರೀತಿ ಹುಟ್ಟುವ ಮಾತು ಆಮೇಲೆ.

ಮಿಲ್ಲಿನವರಿಗೆ ನನ್ನ ಕೋರಿಕೆ ಇಷ್ಟೇ. ಹೊಸ ಹೆಸರು ಇಡುವುದಾದರೆ ಮೊದಲ ವರ್ಷದ ಜಾಹೀರಾತಿನ ದುಡ್ಡನ್ನು ಗ್ರೇಡಿಂಗಿಗೆ, ಅಂದರೆ ಬೇಳೆಯನ್ನು ಗುಣ ನೋಡಿ ಬೇರೆಬೇರೆ ಮಾಡುವುದಕ್ಕೆ, ಹಾಕಿ. ಅರ್ಧ ಕಿಲೋ, ಒಂದು ಕಿಲೋ ಪಾಕೀಟು ಮಾಡಿ. ಬೇಳೆ ಒಡೆದ ತಿಂಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ. ಹೊರಗಿನ ತೊಗರಿ ಬೆರೆಸಲೇಬೇಕಾದ ವರ್ಷ ಬಂದರೆ ಅದನ್ನು ಬೇರೆ ಹೆಸರಿನಲ್ಲಿ ಮಾರಿ, ಈ ಪಾಕೀಟಿಗೆ ಮಾತ್ರ ಹಾಕಬೇಡಿ. ಲುಕ್ಸಾನು ಎಷ್ಟಾಗುತ್ತದೆ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಹಾಗಾಗಿ ಪ್ರಶ್ನೆಗಳನ್ನು ನಿಮ್ಮಿಂದಲೇ ಶುರು ಮಾಡೋಣ. ಹೇಳ್ರಿ.