ಮೊದಲು ಕಾಗದಕ್ಕ ರೊಕ್ಕ ಹಾಕ್ರಿ

ನಮಸ್ಕಾರ್ರಿ. ಸಾಲಿ ಸೂಟಿ ಬಿಟ್ಟಾವ, ಕಲಬುರಗಿಯೊಳಗ ಜಲವರ್ಣದ ಬ್ಯಾಸಗಿ ಕ್ಲಾಸು ಸುರು ಆಗ್ಯಾವ. ಮೊನ್ನೆ ಸೂಪರ್ ಮಾರ್ಕೆಟ್ ಕಡಿ ಒಬ್ಬ ತಾಯಿ ಕೈಯಾಗಿನ ಸಾಮಾನಿನ ಪಟ್ಟಿ ನೋಡಿದೆ. 36 ಬಣ್ಣದ ಡಬ್ಬಿ, 12 ಬ್ರಶ್ಶಿನ ಸೆಟ್, ಚಿತ್ರ ನಿಲ್ಲಿಸೋ ಈಸಲ್, ಬಣ್ಣ ಕಲಸೋ ಪ್ಯಾಲೆಟ್, ಕಟ್ಟಕಡೀಗಿ ‘ಒಂದು ಡ್ರಾಯಿಂಗ್ ಬುಕ್’. ಯಾವ ಕಾಗದ, ಎಷ್ಟು ದಪ್ಪ, ಒಂದು ಮಾತಿಲ್ಲ. ಅದನ್ನ ನೋಡಿ ನನಗ ಭಾಳ ಸಂಕಟ ಆತ್ರಿ.

ಯಾಕಂದ್ರ ನಾನು ಎಂಟನೇತ್ತಾ ಇದ್ದಾಗ ಅಂಥದೇ ಬುಕ್ಕಿನಾಗ ಆಕಾಶ ಬರ್ಯಾಕ ಕುಂತಿದ್ದೆ. ನೀರು ಹಚ್ಚಿದ ಕೂಡ್ಲೆ ಹಾಳಿ ಹಪ್ಪಳದಂಗ ಉಬ್ಬಿತು, ತಗ್ಗಿನಾಗ ನೀಲಿ ನಿಂತಿತು, ಇನ್ನೊಮ್ಮಿ ಬ್ರಶ್ ಆಡಿಸಿದ್ರ ಕಾಗದನೇ ಸಣ್ಣ ಉಂಡಿ ಆಗಿ ಎದ್ದು ಬಂತು. ‘ನಿನ್ನ ಕೈಗಿ ನೀರಿನ ಬಣ್ಣ ಒಗ್ಗಂಗಿಲ್ಲ ಬಿಡು’ ಅಂದ್ರು ಕಲಿಸೋರು. ಎಷ್ಟೋ ವರ್ಷ ನಾನು ಅದನ್ನೇ ನಂಬಿದೆ. ಮುಂದ ಗೆಳೆಯನೊಬ್ಬ ಅಂಗೈಯಷ್ಟು ಕಾಟನ್ ಕಾಗದ ಕೊಟ್ಟ. ಅವೇ ಹಳೇ ಬಣ್ಣದ ಬಿಲ್ಲಿ, ಅದೇ ಬ್ರಶ್. ನೀಲಿ ತಾನೇ ಹರಡಿ, ತಾನೇ ನಿಂತಿತು. ಕೈಯಾಗ ಏನೂ ದೋಷ ಇದ್ದಿಲ್ರಿ.

ಕಾಗದದ ಮ್ಯಾಲ ಜಿಎಸ್ಎಂ ಅಂತ ಬರ್ದಿರ್ತಾರ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗ್ತದ ಅನ್ನೋ ಲೆಕ್ಕ ಅದು. ಜಲವರ್ಣಕ್ಕ 300 ಬೇಕು. ಅದರಾಗೂ ನೂರಕ್ಕ ನೂರು ಹತ್ತಿದು ಸಿಕ್ರ ಬಿಡಬ್ಯಾಡ್ರಿ. ಹತ್ತಿ ನಾರು ಉದ್ದ ಇರ್ತಾವ, ತಿಕ್ಕಿದ್ರೂ ತಡೀತಾವ. ಜಿಲೆಟಿನ್ ಥರದ ಅಂಟಿನ ಲೇಪ ಇರೋದಕ್ಕ ಬಣ್ಣ ಒಮ್ಮಿಗೇ ಒಳಗ ಇಳಿಯಂಗಿಲ್ಲ. ತುಟ್ಟಿ ಅಂತೀರಿ, ಖರೇ ಅದ. ಆದ್ರ 22 ಇಂಚು ಅಗಲ, 30 ಇಂಚು ಉದ್ದದ ಒಂದು ಪೂರ್ತಿ ಹಾಳಿ ಕತ್ತರಿಸಿದ್ರ ಎಂಟು ತುಂಡು ಆಗ್ತಾವ. ಹಿಂದಿನ ಮಗ್ಗಲೂ ಬರೀಬಹುದು. ಅಂದ್ರ ಹದಿನಾರು ಚಿತ್ರ.

ಇನ್ನ ನಮ್ಮ ಬಿಸಿಲು. ಮೇ ತಿಂಗಳು 42 ಡಿಗ್ರಿ ಇರೋ ಊರಾಗ ಆಕಾಶದ ಎಡಗಡಿ ಮುಗಿಸಿ ಬಲಕ್ಕ ಬರೋದ್ರಾಗ ಎಡಗಡಿ ಒಣಗಿ ಗೆರಿ ಬಿದ್ದಿರ್ತದ. ಅದಕ್ಕ ನಾನು ಈಸಲ್ ಬಿಟ್ಟು ನೆಲಕ್ಕ ಹಾಸೋ ಶಹಾಬಾದಿ ಫರ್ಸಿ ಕಲ್ಲು ಹಿಡ್ದೀನಿ. ಕಾಗದದ ಎರಡೂ ಮಗ್ಗಲಿಗಿ ನೀರು ಹಚ್ಚಿ ನುಣುಪು ಫರ್ಸಿ ಮ್ಯಾಲ ಹಾಸಿದ್ರ ಅದು ಕರಚಿಕೊಂಡು ಸಪಾಟ ಕುಂದರ್ತದ, ಕೆಳಗಿನ ಹಸಿ ಭಾಳ ಹೊತ್ತಿನ ತನಕ ಆರಂಗಿಲ್ಲ. ಫ್ಯಾನ್ ಬಂದ್ ಮಾಡ್ರಿ. ಮುಂಜಾನಿ ಆರಕ್ಕ ಕುಂದರ್ರಿ.

ಬಣ್ಣ ಆರು ಸಾಕು. ಎರಡು ಹಳದಿ, ಎರಡು ಕೆಂಪು, ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ ಅನ್ನೋ ಕೆಂಪಗಂದು. ಬಿಳಿ ಬ್ಯಾಡ, ಕಾಗದನೇ ಬಿಳಿ ಅದ. ಕರಿ ಸುದ್ದಾ ಬ್ಯಾಡ. ಕಡೀವ ಎರಡು ಕೂಡಿಸಿ ನೀರು ಹೆಚ್ಚಿಗಿ ಮಾಡಿದ್ರ ನೀವು ಕುಂತ ಫರ್ಸಿದೇ ಬೂದಿ ಬಣ್ಣ ಬರ್ತದ ನೋಡ್ರಿ. ಟ್ಯೂಬಿನ ಮ್ಯಾಲಿನ ಸಣ್ಣ ಅಕ್ಷರ ಓದ್ರಿ, ಒಳಗಿನ ಬಣ್ಣದ ಪುಡಿ ಯಾವುದು ಅನ್ನೋ ಗುರುತು ಅಲ್ಲಿರ್ತದ. ಪಿಬಿ29 ಅಂದ್ರ ಅಲ್ಟ್ರಾಮರೀನ್. ಕೆಂಪಿನಾಗ ಪಿಆರ್83 ಇದ್ರ ಅದು ಅಲಿಜರಿನ್, ಬೆಳಕಿಗಿ ಮಾಸ್ತದ, ಬಿಸಿಲು ಬೀಳೋ ಗ್ವಾಡಿಗಿ ಹಾಕೋ ಚಿತ್ರಕ್ಕ ಬಳಸಬ್ಯಾಡ್ರಿ.

ಬ್ರಶ್ ಒಂದೇ ತಗೋರಿ, 10 ನಂಬರಿನ ರೌಂಡ್, ಅಂದ್ರ ದುಂಡನೆಯದು, ಸಿಂಥೆಟಿಕ್ ನಡೀತದ. ಹೊಸ ಬ್ರಶ್ಶಿಗಿ ಅಂಟು ಹಚ್ಚಿ ಚೂಪು ಮಾಡಿರ್ತಾರ. ಅಂಗಡಿಯವರಿಗಿ ಒಂದು ಲೋಟ ನೀರು ಕೇಳ್ರಿ, ಅದ್ದಿ ಅಂಟು ಬಿಡಸ್ರಿ, ಒಮ್ಮಿ ಝಾಡಸ್ರಿ. ತುದಿ ಮತ್ತ ಸೂಜಿಯಂಗ ಕೂಡ್ತಂದ್ರ ತಗೋರಿ.

1916ರಾಗ ಚಿತ್ರಕಲಾವಿದ ಎಸ್.ಎಂ. ಪಂಡಿತರು ಹುಟ್ಟಿದ ಊರು ಇದು. ಅವರ ಹೆಸರಿನ ರಂಗಮಂದಿರದ ಮುಂದ ನಾವು ದಿನಾ ಹಾದು ಹೋಗ್ತೀವಿ. ಇಂಥ ಊರಾಗ ಒಂದು ಕೂಸು ಕೆಟ್ಟ ಕಾಗದದ ಸಲುವಾಗಿ ಬ್ರಶ್ ಕೆಳಗ ಇಡಬಾರದ್ರಿ. ಕ್ಲಾಸು ನಡೆಸೋ ಸರ್, ಮೇಡಂ, ಕೈ ಮುಗಿದು ಕೇಳ್ತೀನಿ. ಹತ್ತು ಮಂದಿ ಕೂಡಿ ಒಮ್ಮಿಗೇ ಹಾಳಿ ತರಸ್ರಿ, ಹಂಚಿಕೊಳ್ರಿ. ಪಟ್ಟಿಯಾಗಿನ ಈಸಲ್ ಹೊಡದು ಹಾಕಿ, ಮೊದಲನೇ ಸಾಲಿನಾಗ ಬರೀರಿ: 300 ಜಿಎಸ್ಎಂ, ಕಾಟನ್, ಒಂದು ಹಾಳಿ.