ಎರರ್ ಬರಲಿಲ್ಲ, ಬಳ್ಳಾರಿ ಮಾತ್ರ 'ಬಳ್ಳ' ಆಯಿತು!

ನಮಸ್ಕಾರ. ಒಬ್ಬ ವೀಕ್ಷಕರ ಪ್ರಶ್ನೆ: "ಜಾವಾ ಪ್ರೋಗ್ರಾಂ ಸರಿಯಾಗಿ ಓಡಿತು. ಎರರ್ ಒಂದೂ ಇಲ್ಲ. ಫೈಲ್ ತೆರೆದರೆ ಸೊನ್ನೆ ಬೈಟ್. ಬರೆದದ್ದೆಲ್ಲ ಎಲ್ಲಿ ಹೋಯಿತು?"

ಎಲ್ಲೂ ಹೋಗಿಲ್ಲ, ಹೊರಟೇ ಇಲ್ಲ! ಬಫರ್ಡ್‌ರೈಟರ್ ಅಂದರೆ ಬರೆದದ್ದನ್ನು ಬಫರ್ ಎಂಬ ಮೆಮೊರಿ ಜಾಗದಲ್ಲಿ ಕೂಡಿಸಿ ಫೈಲಿಗೆ ಕಳಿಸುವ ಜಾವಾ ಸಾಧನ. ಅದು ನಮ್ಮೂರ ಟಂಟಂ ಇದ್ದ ಹಾಗೆ. ಸೀಟು ತುಂಬದೆ ಹೊರಡುವುದಿಲ್ಲ. ಸೀಟು ಎಷ್ಟು? 8192 ಚಿಹ್ನೆ. ಹತ್ತು ಸಾಲು ಬರೆದು ಸುಮ್ನೆ ಬಿಟ್ಟರೆ ಅವು ಮೆಮೊರಿಯಲ್ಲೇ ಕೂತಿರುತ್ತವೆ, ಪ್ರೋಗ್ರಾಂ ಜೊತೆ ಮಾಯವಾಗುತ್ತವೆ. ಫ್ಲಶ್ ಅಂದರೆ "ಇರೋರನ್ನ ಕರ್ಕೊಂಡು ಹೊರಡು". ಕ್ಲೋಸ್ ತಾನೇ ಮೊದಲು ಫ್ಲಶ್ ಮಾಡುತ್ತದೆ, ಆಮೇಲೆ ಫೈಲ್ ಮುಚ್ಚುತ್ತದೆ.

ಖಾಲಿ ಫೈಲ್ ಕಣ್ಣಿಗೆ ಬೀಳುತ್ತದೆ. ಅರ್ಧ ಬರೆದ ಫೈಲ್? ಇದನ್ನು ನೋಡಿ.

[ಸ್ಕ್ರೀನ್: ಲಿನಕ್ಸ್, ಯುಟಿಎಫ್-8. 'ಬಳ್ಳಾರಿ' 1500 ಸಾಲು. ಕ್ಲೋಸ್ ಇಲ್ಲ.]

33000 ಬೈಟ್ ಬರಬೇಕಿತ್ತು. ಬಂದದ್ದು 16380. ಕೊನೆಯ ಸಾಲು ನೋಡಿ: 'ಬಳ್ಳ'. ಅಷ್ಟೇ!

ಯಾಕೆ ಹೀಗೆ? ಬಫರ್ಡ್‌ರೈಟರ್ ಕೆಳಗೆ ಇನ್ನೊಂದು ಬಫರ್ ಇದೆ, ಅದು 8192 ಬೈಟಿನದು. ಅಕ್ಷರಗಳನ್ನು ಬೈಟ್ ಮಾಡಿ ಬರೆಯುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಕೊನೆಗೆ 2 ಬೈಟ್ ಜಾಗ ಉಳಿದರೆ ಚಿಹ್ನೆ ಹಿಡಿಸುವುದಿಲ್ಲ, ಜಾವಾ ಅರ್ಧ ಚಿಹ್ನೆ ತುರುಕುವುದೂ ಇಲ್ಲ. 8190ಕ್ಕೇ ಕಳಿಸಿಬಿಡುತ್ತದೆ. ಇಲ್ಲಿ ಎರಡು ಸಲ ಹಾಗಾಗಿದೆ, ಹಾಗಾಗಿ 16380.

ಆದರೆ 'ಳ್ಳಾ' ನಮಗೆ ಒಂದಕ್ಷರ, ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯುನಿಕೋಡ್‌ಗೆ ನಾಲ್ಕು ಚಿಹ್ನೆ. ಕಾಗುಣಿತ ನೆನಪಿದೆ ಅಲ್ವಾ? "ಳ ಇಳಿ ಳಾ". ಆ ಇಳಿಯೇ ಬೇರೆ ಚಿಹ್ನೆ. ಬಫರ್ ಅದರ ಮುಂಚೆ ತುಂಬಿತು, ಇಳಿ ಹಿಂದೆ ಉಳಿಯಿತು. ಚಿಹ್ನೆಗಳೆಲ್ಲ ಸರಿ ಇವೆ, ಊರಿನ ಹೆಸರೇ ತುಂಡಾಗಿದೆ. ಯಾರದೋ ಹೆಸರು, ವಿಳಾಸ ಇರುವ ಫೈಲ್‌ನಲ್ಲಿ ಹೀಗಾದರೆ? ನನಗೆ ಇದು ಸಣ್ಣ ತಪ್ಪು ಅನ್ನಿಸುವುದಿಲ್ಲ.

ಕೊನೆ ಸಾಲಲ್ಲಿ ಕ್ಲೋಸ್ ಬರೆದರೆ ಸಾಲದು. ನಡುವೆ ಎಕ್ಸೆಪ್ಶನ್, ಅಂದರೆ ಓಡುವಾಗಿನ ಎರರ್, ಬಂದರೆ ಆ ಸಾಲು ಓಡುವುದೇ ಇಲ್ಲ. 2011ರ ಜಾವಾ 7ರಿಂದ ಟ್ರೈ-ವಿತ್-ರಿಸೋರ್ಸಸ್ ಇದೆ. ರೈಟರನ್ನು ಟ್ರೈ ಪಕ್ಕದ ಕಂಸದಲ್ಲೇ ತೆರೆಯಿರಿ. ಏನೇ ಎಕ್ಸೆಪ್ಶನ್ ಬಂದರೂ ಜಾವಾನೇ ಕ್ಲೋಸ್ ಮಾಡುತ್ತದೆ.

ಟೈಮ್ ಆಯಿತು, ಉಳಿದದ್ದು ಬೇಗ ಬೇಗ. ಪ್ರತಿ ಸಾಲಿಗೂ ಫ್ಲಶ್ ಬೇಡ, ಜಾಸ್ತಿ ಬರೆಯುವಾಗ ಸ್ಲೋ ಆಗುತ್ತದೆ. ಪ್ರಿಂಟ್‌ರೈಟರ್ ಅನ್ನೋ ಇನ್ನೊಂದು ರೈಟರ್ ಬರೆಯುವಾಗಿನ ಎರರ್ ನುಂಗುತ್ತದೆ, ಎರರ್ ಬಂತಾ ಅಂತ ಅದರ ಚೆಕ್‌ಎರರ್ ಕೇಳಿ ನೋಡಿ. ಫ್ಲಶ್ ಮಾಡಿದ್ದು ಆಪರೇಟಿಂಗ್ ಸಿಸ್ಟಮ್ ತನಕ ಮಾತ್ರ ಮುಟ್ಟುತ್ತದೆ. ಕರೆಂಟ್ ಹೋದರೂ ಉಳಿಯಬೇಕಾದ ಡೇಟಾಗೆ, ಡಿಸ್ಕಿಗೇ ಬರೆಸುವ ಫೈಲ್‌ಚಾನಲ್‌ನ ಫೋರ್ಸ್ ಬೇಕು.

ಬಳ್ಳಾರಿ ಬದಲು ನಿಮ್ಮೂರ ಹೆಸರು ಹಾಕಿ ಓಡಿಸಿ. ಎಲ್ಲಿ ತುಂಡಾಯಿತು ಅಂತ ಕೆಳಗೆ ಬರೆಯಿರಿ.